ಹದಿಮೂರರ ಮಕ್ಕಳೂ ಸೋಗಿನಾಟವೂ

ಕನ್ನಡದಲ್ಲಿ 'ಸೋಗು' ಎಂಬುದೊಂದು ಸೊಗಸಾದ ಮಾತು. ಅದಕ್ಕೆ ಎರಡು ಮುಖ. ಒಬ್ಬನನ್ನು 'ಸೋಗಲಾಡಿ' ಎಂದು ಕರೆದರೆ ಅದು ಬೈಗುಳ. ಒಳಗೊಂದು ಹೊರಗೊಂದು ಇರುವವನೆಂದು ಅರ್ಥ. ಅದೇ ಮಾತನ್ನು ಬಾಗಲಕೋಟೆಯಲ್ಲಿ ಹೋಳಿಯ ದಿನಗಳಲ್ಲಿ 'ಸೋಗಿನ ಬಂಡಿ' ಎಂದು ಹೇಳಿನೋಡಿ; ಓಣಿಯ ಮಂದಿಯೆಲ್ಲ ಕಟ್ಟೆ ಮಾಳಿಗೆಗಳನ್ನೇರಿ ದಾರಿ ಕಾಯುತ್ತಾರೆ. ಮೋಸಕ್ಕಾಗಿ ಹಾಕಿದ ಸೋಗು ನಿಂದೆಗೆ ಗುರಿಯಾಯಿತು. ಎಲ್ಲರಿಗೂ ತಿಳಿಯುವಂತೆ, ಎಲ್ಲರ ಸಂತೋಷಕ್ಕಾಗಿ ಹಾಕಿದ ಸೋಗು ಹಬ್ಬವಾಯಿತು. ಹನ್ನೆರಡರಿಂದ ಹದಿನೈದು ವರುಷದ ಹುಡುಗ ಹುಡುಗಿಯರನ್ನು ಈ ಎರಡನೆಯ ಬಗೆಯ ಸೋಗಿಗೆ ಸೇರಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ನಾಟಕಕ್ಕೂ ಸೋಗಿನಾಟಕ್ಕೂ ಇರುವ ಭೇದವನ್ನು ತಿಳಿಯೋಣ. ನಾಟಕದಲ್ಲಿ ಕವಿಯು ಬರೆದಿಟ್ಟ ಮಾತನ್ನು ನಟನು ಬಾಯಿಪಾಠ ಮಾಡಿ ಪ್ರೇಕ್ಷಕರ ಮುಂದೆ ಒಪ್ಪಿಸುತ್ತಾನೆ. ರಾವಣನು ಇಂದೂ ಸಾಯಬೇಕು, ನಾಳೆಯೂ ಸಾಯಬೇಕು. ಸೋಗಿನಾಟದಲ್ಲಿ ಆಡುವವನಿಗೆ ಕೊಡುವುದು ಒಂದು ಪಾತ್ರ, ಒಂದು ಸಂದರ್ಭ, ಕೆಲವು ಕಟ್ಟಳೆಗಳು, ಇಷ್ಟೆ. ಮಾತು ಅವನದು, ತೀರ್ಮಾನವೂ ಅವನದು. ಕೊನೆ ಏನಾಗುವುದೆಂದು ಯಾರಿಗೂ ಮೊದಲೆ ತಿಳಿಯದು. ಪಶ್ಚಿಮ ದೇಶಗಳಲ್ಲಿ ಇಂಥ ಆಟಕ್ಕೆ 'ಲಾರ್ಪ್' ಎಂಬ ಮೊಟಕು ಹೆಸರುಂಟು. ಅಮೆರಿಕದಲ್ಲಿ ೧೯೭೭ರಲ್ಲಿ ಡಾಗೊರ್ಹಿರ್ ಎಂಬ ಗುಂಪು ಮೆತ್ತನೆಯ ಕತ್ತಿ ಗುರಾಣಿಗಳನ್ನು ಹಿಡಿದು ಬಯಲಿನಲ್ಲಿ ಯುದ್ಧದಾಟವನ್ನು ಹೂಡಿತು. ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ ೧೯೮೨ರಲ್ಲಿ 'ಟ್ರೆಷರ್ ಟ್ರ್ಯಾಪ್' ಎಂಬ ಆಟ ತೊಡಗಿತು. ಈಗ ಅಲ್ಲಿಯ ಹುಡುಗರು ರಜೆಯಲ್ಲಿ ಶಿಬಿರ ಕಟ್ಟಿಕೊಂಡು ಇದನ್ನಾಡುವುದುಂಟು.

ಹೆಸರು ಹೊಸದಾದರೂ ಹುರುಳು ನಮಗೆ ಹೊಸದೇನಲ್ಲ. ಹಗಲುವೇಷದವರನ್ನು ನೆನಪುಮಾಡಿಕೊಳ್ಳಿ. ಅವರಿಗೆ ಅಟ್ಟವಿಲ್ಲ, ಪರದೆಯಿಲ್ಲ. ಹಾಡಹಗಲೆ ರಾಮನಾಗಿ, ಆಂಜನೇಯನಾಗಿ ಬೀದಿಯಲ್ಲಿ ನಡೆದುಬಂದು ನಿಮ್ಮ ಬಾಗಿಲಲ್ಲಿಯೆ ನಿಂತು ನಿಮ್ಮನ್ನೆ ಮಾತನಾಡಿಸುತ್ತಾರೆ. ನೀವು ಉತ್ತರ ಕೊಟ್ಟಿರೋ, ನೀವೂ ಆಟದೊಳಗಾದಿರಿ. ಮೊಹರಮ್ಮಿನಲ್ಲಿ ಹರಕೆ ಹೊತ್ತ ಹುಡುಗರು ಹುಲಿವೇಷದಲ್ಲಿ ಕುಣಿಯುತ್ತಾರೆ. ಶ್ರೀಕೃಷ್ಣ ಪಾರಿಜಾತದ ಬಯಲಾಟದಲ್ಲಿ ಹಾಡುಗಳು ಗೊತ್ತಾದವು. ಆದರೆ ನಡುನಡುವೆ ಬರುವ ಮಾತು ಆ ರಾತ್ರಿ, ಆ ಊರು, ಆ ಮಂದಿಯನ್ನು ನೋಡಿ ಹುಟ್ಟುವಂಥದು. ಹೀಗೆ ಪಾತ್ರದೊಳಗೆ ನಿಂತು ಸಮಯಕ್ಕೆ ತಕ್ಕ ಮಾತು ಹುಟ್ಟಿಸುವ ವಿದ್ಯೆ ನಮ್ಮ ಸೀಮೆಯಲ್ಲಿ ಬಹು ಕಾಲದಿಂದ ಬೆಳೆದುಬಂದಿದೆ.

ಹೀಗಿದ್ದರೂ ಒಂದು ಕೊರತೆಯುಂಟು. ಚಿಕ್ಕ ಮಕ್ಕಳಿಗೆ ಶಾಲೆಯ ಸ್ನೇಹಸಮ್ಮೇಳನವಿದೆ, ಪ್ರತಿಭಾ ಕಾರಂಜಿಯ ಛದ್ಮವೇಷವಿದೆ. ದೊಡ್ಡವರಿಗೆ ದೊಡ್ಡಾಟವಿದೆ, ಬಂಡಿಯಿದೆ. ಬನದ ಹುಣ್ಣಿಮೆಗೆ ಬದಾಮಿಯ ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾಕುವ ನಾಟಕ ಕಂಪನಿಗಳಿವೆ. ಇವೆರಡರ ನಡುವೆ ಹದಿಮೂರರ ಹುಡುಗ ಎಲ್ಲಿ ನಿಲ್ಲಬೇಕು? ಛದ್ಮವೇಷಕ್ಕೆ ಅವನು ದೊಡ್ಡವನು, ದೊಡ್ಡಾಟಕ್ಕೆ ಸಣ್ಣವನು. ಅವನ ದನಿ ಒಡೆಯುತ್ತಿದೆ, ಮೈ ಬೆಳೆಯುತ್ತಿದೆ, ನಾಲ್ವರ ಮುಂದೆ ನಿಲ್ಲಲು ನಾಚಿಕೆ. ಹುಡುಗಿಯಾದರಂತೂ 'ಇನ್ನು ಸಾಕು, ಒಳಗೆ ನಡೆ' ಎಂಬ ಮಾತು ಅದೇ ವರುಷ ಕಿವಿಗೆ ಬೀಳುತ್ತದೆ. 'ನಾನು ಯಾರು? ಮುಂದೆ ಏನಾಗಬೇಕು?' ಎಂಬ ಪ್ರಶ್ನೆ ಹುಟ್ಟುವುದು ಈ ವಯಸ್ಸಿನಲ್ಲಿಯೆ. ಬೇರೊಬ್ಬನಾಗಿ ನಿಂತು ನೋಡುವ ಆಸೆ ಹೆಚ್ಚುವುದೂ ಆಗಲೆ. ನಾವು ಎಡೆ ಕೊಡದಿದ್ದರೆ ಆ ಆಸೆ ಸುಮ್ಮನಿರುವುದೆ? ಮೊಬೈಲಿನ ಆಟದೊಳಗೆ ಹೋಗಿ ಅಲ್ಲಿ ಬೇರೊಂದು ಹೆಸರಿನ ಸೋಗು ಹಾಕುತ್ತದೆ. ಎದುರಿಗೆ ಆಡುವವನು ಯಾರೋ, ಯಾವ ವಯಸ್ಸಿನವನೋ ತಿಳಿಯದು. ಆ ಸೋಗನ್ನು ಕಳಚಿಸಿ 'ಬಾ, ಉಣ್ಣು' ಎನ್ನುವವರೂ ಅಲ್ಲಿಲ್ಲ.

ಬಾಗಲಕೋಟೆಯ ಮಾತನ್ನೆ ತೆಗೆದುಕೊಳ್ಳಿ. ಕಿಲ್ಲಾ, ಹಳೇಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಹಬ್ಬವು ಓಣಿ ಓಣಿಯಾಗಿ ನಡೆಯುವುದು ಇಲ್ಲಿಯ ರೂಢಿ. ಹಿಂದೆ ಹುಡುಗನು ಬಂಡಿ ಹತ್ತಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬಂಡಿ ಹೂಡುವವನು ದೊಡ್ಡಪ್ಪ, ಹಲಗೆ ಬಾರಿಸುವವನು ಪಕ್ಕದ ಮನೆಯವನು, ಬಣ್ಣ ಬಳಿಯುವವನು ಸೋದರಮಾವ. ಒಂದು ವರುಷ ನೀರು ತಂದುಕೊಟ್ಟ, ಮರುವರುಷ ಗಡ್ಡ ಹಿಡಿದು ನಿಂತ, ಮೂರನೆಯ ವರುಷ ತಾನೆ ಸೋಗು ಹಾಕಿದ. ಆಲಮಟ್ಟಿಯ ಅಣೆಕಟ್ಟಿಗೆ ೧೯೬೪ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ನೀರು ನಿಂತಾಗ ಹಳೆಯ ಊರಿನ ಬಹುಭಾಗ ಮುಳುಗಿ ಸಾವಿರಾರು ಮನೆತನಗಳು ನವನಗರಕ್ಕೆ ಬಂದವು. ಅಲ್ಲಿ ಅಗಲವಾದ ರಸ್ತೆಗಳಿವೆ, ಅಂಕೆ ಹಚ್ಚಿದ ಸೆಕ್ಟರುಗಳಿವೆ. ಆದರೆ ಪಕ್ಕದ ಮನೆಯವರು ಬೇರೊಂದು ಓಣಿಯಿಂದಲೋ ಬೇರೊಂದು ಊರಿನಿಂದಲೋ ಬಂದವರು. ಹಬ್ಬವೇನೋ ಉಳಿಯಿತು. ಆದರೆ ಹುಡುಗನನ್ನು ಕೈಹಿಡಿದು ಬಂಡಿಗೆ ಹತ್ತಿಸುತ್ತಿದ್ದ ಓಣಿಯ ಕೈ ಸಡಿಲಿತು. ಆಗ ತಾನಾಗಿಯೆ ಆಗುತ್ತಿದ್ದುದನ್ನು ಈಗ ನಾವು ತಿಳಿದು ಮಾಡಬೇಕಾಗಿದೆ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಹೇಗೆ ಮಾಡಬೇಕು? ಮೊದಲನೆಯದಾಗಿ, ಮಗುವಿಗೆ ನಿಜವಾದ ಕೆಲಸ ಕೊಡಿ. ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ಹೇಳಿದ್ದಾನೆ. ನಮ್ಮ ಛದ್ಮವೇಷ ಬಹುಮಟ್ಟಿಗೆ ಆಹಾರ್ಯದಲ್ಲಿಯೆ ಮುಗಿದುಹೋಗುತ್ತದೆ. ಬಾಡಿಗೆಯ ಕಿರೀಟ, ಅಂಟಿಸಿದ ಮೀಸೆ, ತಾಯಿ ಬರೆದುಕೊಟ್ಟ ನಾಲ್ಕು ಸಾಲು, ಒಂದು ನಮಸ್ಕಾರ. ಏಳು ವರುಷದ ಮಗುವಿಗೆ ಇದು ಚೆನ್ನ; ಹದಿಮೂರರವನಿಗೆ ಇದು ಅವಮಾನ. ಅವನಿಗೆ ಬೇಕಾದುದು ಅಲಂಕಾರವಲ್ಲ, ಅಧಿಕಾರ. ಈ ವರುಷದ ಬಂಡಿಯಲ್ಲಿ ಯಾವ ಕಥೆ ಎಂಬುದನ್ನು ಗೊತ್ತುಮಾಡುವ ಸಭೆಗೆ ಅವನನ್ನು ಕರೆಯಿರಿ. ಹನ್ನೆರಡು ವರುಷದವರು ರಟ್ಟು, ಗೋಣಿ, ಹಳೆಯ ಸೀರೆಗಳಿಂದ ಗದೆ ಕಿರೀಟಗಳನ್ನು ಮಾಡಲಿ. ಹದಿಮೂರರವರು ಮಾತಿಲ್ಲದ ಪರಿವಾರದ ಪಾತ್ರ ಹಾಕಲಿ. ಹದಿನಾಲ್ಕು ಹದಿನೈದಕ್ಕೆ ಬೀದಿಯವರೊಡನೆ ಸವಾಲು ಜವಾಬು ನಡೆಸುವ ಪಾತ್ರ ಬರಲಿ. ಮುಂದಿನ ವರುಷ ತನಗೇನು ಕಾದಿದೆ ಎಂದು ತಿಳಿದ ಮಗು ಈ ವರುಷದ ಸಣ್ಣ ಕೆಲಸವನ್ನು ಮನಸ್ಸಿಟ್ಟು ಮಾಡುತ್ತದೆ.

ಎರಡನೆಯದು ಮಾತಿನ ತರಬೇತು. ಇದಕ್ಕೆ ಪರದೇಶದ ಪುಸ್ತಕ ಬೇಡ. ದೊಡ್ಡಾಟದ ಸಾರಥಿ ಸಾಕು. ದೊಡ್ಡಾಟದಲ್ಲಿ ಎಂಥ ಮಹಾರಾಜನೇ ಬರಲಿ, ಸಾರಥಿ ಅವನನ್ನು ಸುಮ್ಮನೆ ಬಿಡುವುದಿಲ್ಲ. ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಜನು ತನ್ನ ಬಾಯಿಂದಲೆ ತನ್ನ ಪರಿಚಯ ಹೇಳಿಕೊಳ್ಳಬೇಕು. ಮನೆಯಲ್ಲಿಯೋ ಶಾಲೆಯಲ್ಲಿಯೋ ಇದೇ ಕ್ರಮವನ್ನು ಹಿಡಿಯಿರಿ. ಪಾತ್ರ ಹಂಚಿದ ಮೇಲೆ ಒಬ್ಬನನ್ನು ಸಾರಥಿ ಮಾಡಿ. ಅವನು ಪ್ರತಿಯೊಬ್ಬನಿಗೂ ಐದು ಪ್ರಶ್ನೆ ಕೇಳಲಿ: ನಿನ್ನ ಹೆಸರೇನು? ನಿನಗೆ ಬೇಕಾದುದೇನು? ನಿನಗೆ ಯಾರ ಭಯ? ನೀನು ಯಾರಿಗೂ ಹೇಳದ ಗುಟ್ಟು ಯಾವುದು? ಏನು ಕೊಟ್ಟರೂ ನೀನು ಬಿಡಲಾರದ್ದು ಯಾವುದು? ಈ ಐದಕ್ಕೆ ತಡವರಿಸದೆ ಉತ್ತರ ಕೊಡಬಲ್ಲವನು ಪಾತ್ರಕ್ಕೆ ಸಿದ್ಧನಾದಂತೆ. ಪದ್ಯ ಒಪ್ಪಿಸೆಂದರೆ ನೆಲ ನೋಡುವ ಹುಡುಗನಿಗೆ ಸಾರಥಿಯ ರುಮಾಲು ಸುತ್ತಿ ನಿಲ್ಲಿಸಿದರೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವುದನ್ನು ನನ್ನ ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ನಾಚಿಕೆಯೆಲ್ಲ ಅವನದು, ಸಾರಥಿಗೆ ನಾಚಿಕೆಯೆಲ್ಲಿ?

ಇನ್ನು ಯಾವ ಕಥೆಯನ್ನು ಆಡಬೇಕು? ನಮ್ಮ ಜಿಲ್ಲೆಯಲ್ಲಿ ಕಥೆಗೆ ಬರವೆ? ಮೂರು ಮಾದರಿಗಳನ್ನು ಹೇಳುತ್ತೇನೆ. ಒಂದೊಂದಕ್ಕೂ ಇಪ್ಪತ್ತೈದು ಮೂವತ್ತು ಮಕ್ಕಳು, ಒಂದೂವರೆ ತಾಸು, ಒಂದು ಶಾಲೆಯ ಅಂಗಳ ಸಾಕು.

ಮೊದಲನೆಯದು ಬದಾಮಿ ಪಟ್ಟದಕಲ್ಲುಗಳಿಗೆ ಸಂಬಂಧಿಸಿದ್ದು. ಕ್ರಿ. ಶ. ೬೪೨ರಲ್ಲಿ ಪಲ್ಲವ ನರಸಿಂಹವರ್ಮನು ಬದಾಮಿಯನ್ನು ಹಿಡಿದನು. ಅದಾಗಿ ಸುಮಾರು ಒಂದು ಶತಮಾನದ ಮೇಲೆ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದು ಒಳಹೊಕ್ಕನು. ಎದುರಿಗೆ ರಾಜಸಿಂಹೇಶ್ವರ ದೇವಾಲಯ, ಅದರ ತುಂಬ ಐಶ್ವರ್ಯ. ಏನು ಮಾಡಬೇಕು? ಮಕ್ಕಳು ಮಂತ್ರಾಲೋಚನೆಗೆ ಕೂಡಲಿ. ಅಜ್ಜನ ಕಾಲದ ಅವಮಾನವನ್ನು ಮರೆಯದ ಮುದಿ ದಂಡನಾಯಕ, ಸಂಬಳಕ್ಕಾಗಿ ಕಾದ ಸೈನಿಕ, ಗುಡಿಯ ಅರ್ಚಕ, ಕಂಚಿಯ ನೇಕಾರ, ಗುಡಿಯ ಕೆಲಸವನ್ನು ಕಂಡು ಬೆರಗಾದ ನಮ್ಮ ಶಿಲ್ಪಿ, ರಾಣಿ ಲೋಕಮಹಾದೇವಿ, ಇವರೆಲ್ಲರೂ ತಂತಮ್ಮ ವಾದ ಹೂಡಲಿ. ಕೊನೆಗೆ ರಾಜನಾದ ಹುಡುಗನೋ ಹುಡುಗಿಯೋ ತೀರ್ಪು ಕೊಡಲಿ. ಸುಲಿಗೆ ಮಾಡಬೇಕೆಂದು ತೀರ್ಪಾದರೂ ತಡೆಯಬೇಡಿ. ಆಟ ಮುಗಿದ ಮೇಲೆ ನಡೆದ ಸಂಗತಿ ತಿಳಿಸಿ: ವಿಕ್ರಮಾದಿತ್ಯನು ಆ ಐಶ್ವರ್ಯವನ್ನು ನೋಡಿ ದೇವರಿಗೆ ಮರಳಿ ಒಪ್ಪಿಸಿದನೆಂದು ಅದೇ ದೇವಾಲಯದ ಕಂಬದ ಮೇಲೆ ಕನ್ನಡ ಶಾಸನವಿದೆ, ಆ ಗೆಲುವಿನ ನೆನಪಿಗೆ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೆ ಇಂದಿನ ವಿರೂಪಾಕ್ಷ. ತಾವೆ ಆ ತೂಕದ ಪ್ರಶ್ನೆಯನ್ನು ಹೊತ್ತು ನೋಡಿದ ಮಕ್ಕಳಿಗೆ ಆಗ ಆ ಶಾಸನದ ಬೆಲೆ ತಿಳಿಯುತ್ತದೆ. ವಿಷಯವನ್ನು ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ಮರುದಿನ ಮರೆಯುತ್ತಾರೆ.

ಎರಡನೆಯದು ಹುನಗುಂದ ತಾಲ್ಲೂಕಿನ ಐಹೊಳೆಯದು. ಇಂದು ಸಣ್ಣ ಹಳ್ಳಿಯಾದ ಈ ಊರಿನ ಹೆಸರಿನಲ್ಲಿ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘ ಶತಮಾನಗಳ ಕಾಲ ವ್ಯಾಪಾರ ನಡೆಸಿತು. ತಮಿಳುನಾಡಿನಲ್ಲಿ ಅವರ ಶಾಸನಗಳಿವೆ. ಸಮುದ್ರದಾಚೆಯ ಸುಮಾತ್ರದಲ್ಲಿಯೂ ಕ್ರಿ. ಶ. ೧೦೮೮ರ ಶಾಸನವೊಂದಿದೆ. ಮಕ್ಕಳು ಐನೂರ್ವರ ಸಭೆ ನಡೆಸಲಿ. ಒಬ್ಬನದು ಮೆಣಸು, ಒಬ್ಬನದು ಬಟ್ಟೆ, ಒಬ್ಬನದು ಉಪ್ಪು, ಒಬ್ಬನದು ಕುದುರೆ. ಪ್ರತಿಯೊಬ್ಬನಿಗೂ ನಾಣ್ಯವೆಂದು ಹುಣಸೆಬೀಜಗಳನ್ನು ಹಂಚಿರಿ. ಎಲ್ಲರಿಗೂ ಸಮನಾಗಿ ಬೇಡ. ದಾರಿಯಲ್ಲಿ ಕಳ್ಳರ ಭಯ, ಕಾವಲಿನವರನ್ನು ಇಡಬೇಕು, ಯಾರು ಎಷ್ಟು ಕೊಡಬೇಕು? ಉಪ್ಪಿನ ಬಡ ವ್ಯಾಪಾರಿಯೂ ಕುದುರೆಯ ಸಾಹುಕಾರನೂ ಒಂದೇ ಸಮ ಕೊಡುವುದು ನ್ಯಾಯವೆ? ತಾಸಿನೊಳಗೆ ಒಮ್ಮತಕ್ಕೆ ಬಾರದಿದ್ದರೆ ಯಾರ ಸರಕೂ ಊರು ಬಿಡುವಂತಿಲ್ಲ. ಗಣಿತ, ಇತಿಹಾಸ, ಪೌರನೀತಿ ಮೂರೂ ಇಲ್ಲಿ ಒಂದೇ ಜಗುಲಿಯ ಮೇಲೆ ಕುಳಿತಿವೆ.

ಮೂರನೆಯದು ಇಳಕಲ್ಲಿನದು, ಮತ್ತು ಇಂದಿನದು. ಸೀರೆಯ ಮೈಯ ಹಾಸಿಗೂ ಸೆರಗಿನ ರೇಶಿಮೆ ಹಾಸಿಗೂ ಕೊಂಡಿ ಹಾಕಿ ನೇಯುವ ಕೆಲಸ ಇಳಕಲ್ಲಿನ ಹೆಸರನ್ನು ದೇಶಕ್ಕೆಲ್ಲ ಒಯ್ದಿದೆ. ಆಟದಲ್ಲಿ ಕೈಮಗ್ಗದ ನೇಕಾರನಿರಲಿ, ಕಂಡಿಕೆ ಸುತ್ತುವ ಮನೆಯಾಕೆ ಇರಲಿ, ಕಚ್ಚಾ ನೂಲು ಕೊಡುವ ಸಾಹುಕಾರನಿರಲಿ, ವಿದ್ಯುತ್ ಮಗ್ಗದ ಮಾಲಿಕನಿರಲಿ, ದೊಡ್ಡ ಊರಿನಿಂದ ಬಂದ ಗಿರಾಕಿ ಇರಲಿ. 'ನೋಡಲು ಇಂಥದೇ ಸೀರೆ ಅರ್ಧ ಬೆಲೆಗೆ ಸಿಗುತ್ತದೆ, ನಿಮ್ಮದನ್ನೇಕೆ ಕೊಳ್ಳಲಿ?' ಎಂದು ಗಿರಾಕಿ ಕೇಳಲಿ. ಇಲ್ಲೊಂದು ಕಟ್ಟಳೆ: ಯಾರೂ ತಮ್ಮ ಮನೆಯ ಪಾತ್ರ ಹಾಕಬಾರದು. ನೇಕಾರರ ಮಗಳು ಗಿರಾಕಿಯಾಗಲಿ, ಅಂಗಡಿಯವರ ಮಗ ಮಗ್ಗದ ಕುಣಿಯಲ್ಲಿ ಇಳಿಯಲಿ. ಸೋಗಿನ ದೊಡ್ಡ ಪ್ರಯೋಜನವಿರುವುದು ಇಲ್ಲಿ. ಬೇರೆಯವರ ಚಪ್ಪಲಿ ಎಲ್ಲಿ ಕಚ್ಚುತ್ತದೆಂಬುದು ಮೆಟ್ಟಿ ನಡೆದಾಗಲೆ ತಿಳಿಯುವುದು.

ಹಿರಿಯರಿಗೆ ಈಗ ಕೆಲವು ಎಚ್ಚರಿಕೆಯ ಮಾತು. ಕತ್ತಿ ಗದೆಗಳು ರಟ್ಟಿನವೋ ಬಟ್ಟೆ ಸುತ್ತಿದವೋ ಇರಲಿ. ಕಣ್ಣು ತಲೆಗಳಿಗೆ ಗುರಿಯಿಡುವುದು ಆಟದಲ್ಲಿಯೂ ಕೂಡದು. ಒಬ್ಬರ ಮೈಯನ್ನು ಇನ್ನೊಬ್ಬರು ಕೇಳದೆ ಮುಟ್ಟಕೂಡದು. ಬೀದಿಯಾಟದಲ್ಲಿ ಮಕ್ಕಳು 'ಟೈಂಪ್ಲೀಸ್' ಎಂದರೆ ಎಲ್ಲರೂ ನಿಲ್ಲುವುದಿಲ್ಲವೆ? ಹಾಗೆಯೆ 'ಸೋಗು ಬಿಟ್ಟೆ' ಎಂದು ಯಾರು ಕೂಗಿದರೂ ಆಟ ಅಲ್ಲಿಯೆ ನಿಲ್ಲಬೇಕು, ಕಾರಣ ಕೇಳಕೂಡದು. ಒಂದು ಜಾತಿಯನ್ನು, ಅಂಗಹೀನರನ್ನು, ಹೆಂಗಸರನ್ನು ಹಂಗಿಸುವ ಸೋಗು ಬೇಡವೆ ಬೇಡ. ಹೋಳಿಯ ಬಂಡಿಗೆ ಮಕ್ಕಳನ್ನು ಕಳಿಸುವಾಗ ಗುರುತಿನ ಇಬ್ಬರು ಹಿರಿಯರು ಜೊತೆಗಿರಲಿ, ಅವರಲ್ಲಿ ಒಬ್ಬ ಹೆಣ್ಣುಮಗಳಿರಲಿ. ಕುಡಿದವರಿಗೆ ಆ ಬಂಡಿಯಲ್ಲಿ ಎಡೆಯಿಲ್ಲವೆಂಬುದು ಮೊದಲೆ ಗೊತ್ತಾಗಲಿ. ರಾತ್ರಿ ಇಂತಿಷ್ಟು ಹೊತ್ತಿಗೆ ಮನೆ ಎಂದು ಗೊತ್ತಾಗಲಿ. ಮುಖಕ್ಕೆ ಬಳಿಯುವ ಬಣ್ಣವನ್ನು ಮೊದಲು ಮುಂಗೈಗೆ ಹಚ್ಚಿ ನೋಡಿರಿ. ಐಹೊಳೆ ಪಟ್ಟದಕಲ್ಲುಗಳ ಗುಡಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅವುಗಳ ಆವರಣದಲ್ಲಿ ಅಪ್ಪಣೆಯಿಲ್ಲದೆ ಆಟ ಹೂಡಬೇಡಿ. ಬೆಳಿಗ್ಗೆ ಮಕ್ಕಳಿಗೆ ಕಲ್ಲು ತೋರಿಸಿರಿ, ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಆಡಿಸಿರಿ.

ಎಲ್ಲಕ್ಕಿಂತ ಮುಖ್ಯವಾದುದು ಸೋಗು ಕಳಚುವುದು. ಹಾಕುವುದನ್ನು ಎಲ್ಲರೂ ಕಲಿಸುತ್ತಾರೆ. ಕಳಚುವುದನ್ನು ಕಲಿಸುವವರು ಕಡಿಮೆ. ಆಟದಲ್ಲಿ ಶತ್ರುವಾದವನು ಆಟದ ಹೊರಗೂ ಶತ್ರುವಾಗಿ ಉಳಿದರೆ ನಾವು ಗುಣಕ್ಕೆ ಬದಲು ದೋಷವನ್ನು ಬಿತ್ತಿದಂತೆ. ಆದ್ದರಿಂದ ಆಟ ಮುಗಿದೊಡನೆ ಎಲ್ಲರೂ ಮುಖ ತೊಳೆಯಲಿ, ಒಟ್ಟಿಗೆ ಕುಳಿತು ಚುರುಮುರಿ ತಿನ್ನಲಿ. ಆಮೇಲೆ ಒಬ್ಬೊಬ್ಬರೆ ಮೊದಲು ತಮ್ಮ ನಿಜದ ಹೆಸರು ಹೇಳಿ, ಆ ಪಾತ್ರದಲ್ಲಿದ್ದಾಗ ತಮಗೆ ಏನೆನಿಸಿತು, ತಾವಾಗಿದ್ದರೆ ಏನು ಮಾಡುತ್ತಿದ್ದೆವು ಎಂದು ಎರಡು ಮಾತು ಹೇಳಲಿ. ಗೆದ್ದವರಾರು ಎಂದು ಕೇಳಬೇಡಿ, ಬಹುಮಾನ ಹಂಚಬೇಡಿ. ಹೀಗೆ ಕಳಚಿ ಬರಲು ಕಲಿತ ಮಗುವಿಗೆ ಸೋಗು ಹಬ್ಬದ ಸೋಗಾಗಿ ಉಳಿಯುತ್ತದೆ. ಅದು ಸೋಗಲಾಡಿತನಕ್ಕೆ ತಿರುಗುವ ಭಯವಿಲ್ಲ.

'ಓದುವ ಮಕ್ಕಳಿಗೆ ಇದೆಲ್ಲ ಏಕೆ?' ಎಂದು ಕೇಳುವವರಿರಬಹುದು. ಮೂವತ್ತರ ದಶಕದಲ್ಲಿಯೆ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣಕ್ಕೆ ಆಟ ನಾಟಕಗಳನ್ನು ಹೊಂದಿಸಿ ಪ್ರಯೋಗ ಮಾಡಿದರು. ಇಂಗ್ಲೆಂಡಿನಲ್ಲಿ ಡೊರೊಥಿ ಹೀತ್‌ಕೋಟ್ ಎಂಬ ಶಿಕ್ಷಕಿ ತಾನೂ ಒಂದು ಪಾತ್ರವಾಗಿ ತರಗತಿಯೊಳಗೆ ಬಂದು, ಮಕ್ಕಳನ್ನು ಬಲ್ಲವರ ಸ್ಥಾನದಲ್ಲಿ ಕೂಡಿಸಿ ಪಾಠ ನಡೆಸುವ ಕ್ರಮವನ್ನು ಬೆಳೆಸಿದಳು. ಡೆನ್ಮಾರ್ಕಿನ ಹೋಬ್ರೊ ಎಂಬ ಊರಿನಲ್ಲಿ ೨೦೦೬ರಲ್ಲಿ ತೆರೆದ ಓಸ್ಟರ್‌ಸ್ಕೋವ್ ಎಂಬ ವಸತಿಶಾಲೆಯಂತೂ ಪಾಠಗಳನ್ನು ಸೋಗಿನಾಟದ ಮೂಲಕವೆ ಹೇಳಿಕೊಡುತ್ತದೆ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ವರುಷಕ್ಕೆ ನಾಲ್ಕು ಮಧ್ಯಾಹ್ನ, ಬೇಸಿಗೆಯ ರಜೆಯಲ್ಲಿ ಒಂದು ವಾರ ಸಾಕು.

ಆದ್ದರಿಂದ, ತಾಯಿತಂದೆಗಳೆ, ನಿಮ್ಮಲ್ಲಿ ನನ್ನದೊಂದು ವಿನಂತಿ. ಮುಂದಿನ ಹೋಳಿಗೆ ಇನ್ನೂ ಒಂದು ತಿಂಗಳಿರುವಾಗಲೆ ನಿಮ್ಮ ಸಾಲಿನ ನಾಲ್ಕು ಮನೆಯವರು ಕೂಡಿರಿ. ಯಾವ ಓಣಿಯಿಂದ ಬಂದವರೆಂಬುದನ್ನು ಕೇಳಬೇಡಿ. ಮನೆಯಲ್ಲಿ ಹದಿಮೂರರ ಮಗುವಿದೆಯೆ ಎಂದಷ್ಟೆ ಕೇಳಿರಿ. ಗಂಡು ಮಕ್ಕಳನ್ನೂ ಹೆಣ್ಣು ಮಕ್ಕಳನ್ನೂ ಕೂಡಿಸಿರಿ. ಹಳೆಯ ಊರಿನಲ್ಲಿ ಬಂಡಿ ಹೂಡುತ್ತಿದ್ದ ಮುದುಕರೊಬ್ಬರು ನಿಮ್ಮ ಸೆಕ್ಟರಿನಲ್ಲಿಯೆ ಪೇಪರು ಓದುತ್ತ ಕುಳಿತಿರಬಹುದು; ಅವರನ್ನು ಕರೆತಂದು ಮಕ್ಕಳ ನಡುವೆ ಕೂಡಿಸಿರಿ. ಕಥೆಯನ್ನು ಮಕ್ಕಳೆ ಆರಿಸಲಿ, ಕಿರೀಟವನ್ನು ಮಕ್ಕಳೆ ಕತ್ತರಿಸಲಿ, ಬಂಡಿ ಹೂಡುವ ರೀತಿಯನ್ನು ಆ ಹಿರಿಯರು ಹೇಳಿಕೊಡಲಿ. ಆ ಬಂಡಿ ದೊಡ್ಡದಾಗಬೇಕಿಲ್ಲ, ಬಹು ದೂರ ಹೋಗಬೇಕಿಲ್ಲ. ನಿಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿಬಂದರೆ ಸಾಕು.